ಒಂದು ಗಲ್ಲಾಪೆಟ್ಟಿಗೆ, ಎರಡು ಅಡುಗೆಮನೆ: ಮ್ಯಾನ್‌ಹಟನ್‌ನ ಕೊರಿಯನ್ ಡೆಲಿಯಲ್ಲಿ ಮಧ್ಯಾಹ್ನ ಏನು ತಿನ್ನಬೇಕು?

ನ್ಯೂಯಾರ್ಕಿನ ಲೋವರ್ ಮ್ಯಾನ್‌ಹಟನ್‌ನ ಕಚೇರಿಗಳಿಗೆ ಹೊಸದಾಗಿ ಸೇರುವ ಕನ್ನಡದ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ವೀಸಾದ ಬಗ್ಗೆ ಅಲ್ಲ, ಮನೆ ಬಾಡಿಗೆಯ ಬಗ್ಗೆ ಅಲ್ಲ. "ಕೆಳಗಿನ ಡೆಲಿಯಲ್ಲಿ ನಾವು ಏನು ತಿನ್ನಬಹುದು?" ಎನ್ನುವುದು ಆ ಪ್ರಶ್ನೆ. ಡೆಲಿ ಎಂದರೆ ಸ್ಯಾಂಡ್‌ವಿಚ್, ಸಿದ್ಧ ತಿನಿಸು ಮಾರುವ ಅಂಗಡಿ. ವಾಟರ್ ಸ್ಟ್ರೀಟ್, ಮೇಡನ್ ಲೇನ್, ಫುಲ್ಟನ್ ಸ್ಟ್ರೀಟ್‌ಗಳ ಸುತ್ತ ಹಲವು ವರ್ಷ ಮಧ್ಯಾಹ್ನದ ಊಟ ಮಾಡಿದವನಾಗಿ ಇದಕ್ಕೆ ಪೂರ್ತಿಯಾದ ಉತ್ತರವನ್ನು ಒಮ್ಮೆ ಬರೆದಿಡಬೇಕು ಎಂದುಕೊಂಡಿದ್ದೆ. ನಾನು ಮೊಟ್ಟೆ ತಿನ್ನುವ ಸಸ್ಯಾಹಾರಿ. ಆದರೆ ನನ್ನ ಜೊತೆ ಊಟಕ್ಕೆ ಬರುತ್ತಿದ್ದವರಲ್ಲಿ ಮಂಗಳೂರಿನ ಮೀನುಪ್ರಿಯರೂ, ದನದ ಮಾಂಸ ಮಾತ್ರ ಬೇಡ ಎನ್ನುವವರೂ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರೂ ಇದ್ದರು. ಅವರೆಲ್ಲರ ಅನುಭವ ಇದರಲ್ಲಿ ಸೇರಿದೆ.

ಈ ಅಂಗಡಿಗಳನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಬಾಗಿಲು ತಳ್ಳಿ ಒಳಗೆ ಹೋದರೆ ಒಂದು ಬದಿಗೆ ಗಾಜಿನ ಪೆಟ್ಟಿಗೆ, ಅದರೊಳಗೆ ಟರ್ಕಿ, ಹಂದಿ, ದನದ ಮಾಂಸದ ಗಟ್ಟಿಗಳು, ಚೀಸಿನ ದಿಂಡುಗಳು. ಹಿಂದೆ ಅವುಗಳನ್ನು ತೆಳ್ಳಗೆ ಹೆರೆಯುವ ಯಂತ್ರ. ನಡುವೆ ಬಿಸಿ ಮತ್ತು ತಣ್ಣನೆಯ ತಿನಿಸುಗಳ ಉದ್ದನೆಯ ಸಾಲು. ಬೇಕಾದ್ದನ್ನು ಡಬ್ಬಿಗೆ ತುಂಬಿಕೊಂಡು ತೂಕಕ್ಕೆ ಹಣ ಕೊಡಬೇಕು. ಒಳಗಿನ ಮೂಲೆಯಲ್ಲಿ ಇನ್ನೊಂದು ಒಲೆ, ಕೊರಿಯನ್ ಅಕ್ಷರಗಳ ಫಲಕ, ಎಳ್ಳೆಣ್ಣೆಯ ಘಮ. ಹಣ ಕೊಡುವ ಜಾಗ ಮಾತ್ರ ಒಂದೇ.

ಎರಡೂ ಒಂದೇ ಸೂರಿನಡಿ ಬಂದದ್ದಕ್ಕೆ ಕಾರಣವಿದೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಭಾರತೀಯರು ಬಂದಂತೆಯೇ ಕೊರಿಯನ್ನರೂ ದೊಡ್ಡ ಸಂಖ್ಯೆಯಲ್ಲಿ ಬಂದರು. ಓದಿದವರಾಗಿದ್ದರೂ ಭಾಷೆಯ ತೊಡಕಿನಿಂದ ಓದಿಗೆ ತಕ್ಕ ಕೆಲಸ ಸಿಗದ ಅನೇಕರು ನ್ಯೂಯಾರ್ಕಿನಲ್ಲಿ ತರಕಾರಿ ಅಂಗಡಿ, ಡೆಲಿಗಳನ್ನು ಕೊಂಡು ನಡೆಸಿದರು. ಡೆಲಿ ಎಂಬ ಹೆಸರು ಬಂದದ್ದು ಜರ್ಮನ್ ಭಾಷೆಯಿಂದ. ನಗರದಲ್ಲಿ ಅದನ್ನು ಬೆಳೆಸಿದವರು ಜರ್ಮನ್ ಮತ್ತು ಯಹೂದಿ ವಲಸಿಗರು. ಹಿಂದಿನವರು ಬಿಟ್ಟುಕೊಟ್ಟ ಸ್ಯಾಂಡ್‌ವಿಚ್ ಫಲಕವನ್ನು ಹೊಸ ಮಾಲೀಕರು ಉಳಿಸಿಕೊಂಡರು, ಏಕೆಂದರೆ ಸುತ್ತಲಿನ ಕಚೇರಿಯವರಿಗೆ ಬೇಕಿದ್ದದ್ದು ಅದೇ. 1980ರ ದಶಕದಲ್ಲಿ ತೂಕದ ಲೆಕ್ಕದ ಸಲಾಡ್ ಸಾಲು ಸೇರಿಕೊಂಡಿತು. ಕೊರಿಯನ್ ಅಡುಗೆಗೆ ಗಿರಾಕಿಗಳು ಹುಟ್ಟಿಕೊಂಡಂತೆ ಆ ಒಲೆಯೂ ಮುಂದೆ ಬಂತು. ನನಗೆ ಇದು ಮುಖ್ಯ. ಈ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ಊರಿನ ಅಡುಗೆ, ಕೊರಿಯನ್ನದು ಮನೆಯ ಅಡುಗೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಒಂದಕ್ಕೆ ಅನ್ಯಾಯವಾಗುತ್ತದೆ.

ಮೊದಲು ಅಳತೆಗೋಲು

ಬಹಳ ಜನ ರುಚಿಯಿಂದ ಶುರುಮಾಡುತ್ತಾರೆ. ನಾನು ಕಾಣುವುದು ಮತ್ತು ಕಾಣದ್ದರಿಂದ ಶುರುಮಾಡುತ್ತೇನೆ. ತಟ್ಟೆಯಲ್ಲಿ ಎದ್ದು ಕಾಣುವ ಮಾಂಸದ ತುಂಡಿನಿಂದ ಯಾರಿಗೂ ತೊಂದರೆಯಿಲ್ಲ, ಬೇಡವಾದರೆ ಬಿಡಬಹುದು. ತೊಂದರೆ ಇರುವುದು ಸಾರಿನಲ್ಲಿ, ಒಗ್ಗರಣೆಯಲ್ಲಿ, ಮೇಲೆ ಸುರಿದ ಗೊಜ್ಜಿನಲ್ಲಿ. ಆಹಾರದ ನೇಮ ಇರುವವರಿಗೆ ಇದೇ ಮೊದಲ ಮಾನದಂಡ.

ಎರಡನೆಯದು ಸಮಯ. ಹನ್ನೆರಡೂ ಕಾಲರಿಂದ ಒಂದೂ ಕಾಲರವರೆಗೆ ಎಲ್ಲ ಕಡೆಯೂ ಸಾಲು. ಆದರೆ ಪ್ರತಿ ಸಾಲೂ ಬೇರೆ ವೇಗದಲ್ಲಿ ಸಾಗುತ್ತದೆ.

ಮೂರನೆಯದು ಹಣ, ಅಂದರೆ ಕೊನೆಗೆ ಕಾರ್ಡಿನಿಂದ ಹೋಗುವ ಹಣ. ನ್ಯೂಯಾರ್ಕ್ ನಗರದಲ್ಲಿ ಮಾರಾಟ ತೆರಿಗೆ ಶೇ 8.875. ಫಲಕದಲ್ಲಿ 10 ಡಾಲರ್ ಎಂದಿದ್ದರೆ ನೀವು ಕೊಡುವುದು 10.89. ಸ್ಯಾಂಡ್‌ವಿಚ್ ಬಿಸಿಯಾಗಿರಲಿ ತಣ್ಣಗಿರಲಿ ತೆರಿಗೆ ಉಂಟು. ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡನ್ನು ಇಡಿಯಾಗಿ ಕೊಂಡರೆ ತೆರಿಗೆಯಿಲ್ಲ. ಅದನ್ನೇ ಕತ್ತರಿಸಿ ಚೀಸ್ ಸವರಿ ಕೊಟ್ಟರೆ ತೆರಿಗೆ ಬೀಳುತ್ತದೆ. ನಿಂತು ಕೊಳ್ಳುವ ಡೆಲಿಯಲ್ಲಿ ಟಿಪ್ಸ್ ಕಡ್ಡಾಯವಲ್ಲ. ಕಾರ್ಡ್ ಯಂತ್ರದ ಪರದೆಯಲ್ಲಿ ಶೇ 20 ಎಂದು ಬಂದ ಮಾತ್ರಕ್ಕೆ ಹೊಸಬರು ಗಾಬರಿಯಾಗಬೇಕಿಲ್ಲ. ಕೂರಿಸಿ ಬಡಿಸುವ ಹೋಟೆಲಿನ ಲೆಕ್ಕ ಬೇರೆ.

ನಾಲ್ಕನೆಯದು ಮೂರು ಗಂಟೆಯ ಹೊಟ್ಟೆ. ಊಟ ಮುಗಿದ ಕ್ಷಣದ ತೃಪ್ತಿ ಎಲ್ಲ ತಿನಿಸಿನಲ್ಲೂ ಇರುತ್ತದೆ. ಮೂರು ಗಂಟೆಗೆ ಸಭೆಯಲ್ಲಿ ಕಣ್ಣು ಎಳೆಯುತ್ತದೆಯೇ ಅಥವಾ ಮತ್ತೆ ಹಸಿವಾಗುತ್ತದೆಯೇ ಎನ್ನುವುದನ್ನು ನೋಡಬೇಕು. ಕೊನೆಯದು, ಎಲ್ಲಿ ಕುಳಿತು ತಿನ್ನುತ್ತೀರಿ ಎನ್ನುವುದು. ಮೇಜಿನಲ್ಲೋ, ಉದ್ಯಾನದ ಬೆಂಚಿನಲ್ಲೋ, ನಡೆಯುತ್ತಲೋ.

ಸ್ಯಾಂಡ್‌ವಿಚ್

ಸ್ಯಾಂಡ್‌ವಿಚ್‌ನ ದೊಡ್ಡ ಗುಣ, ಅದು ಕಣ್ಣೆದುರಿಗೇ ತಯಾರಾಗುತ್ತದೆ. ಬ್ರೆಡ್ ಯಾವುದು, ಮೇಲೇನು, ಸವರುವುದೇನು ಎಂದು ನೀವೇ ಹೇಳುತ್ತೀರಿ. ರೈ, ಗೋಧಿ, ದುಂಡನೆಯ ರೋಲ್, ಉದ್ದನೆಯ ಹೀರೋ, ಸುತ್ತಿ ಕೊಡುವ ರ‍್ಯಾಪ್. ಐದು ನಿಮಿಷದಲ್ಲಿ ಕಾಗದದಲ್ಲಿ ಸುತ್ತಿ ನಡುವೆ ಕತ್ತರಿಸಿ ಕೈಗೆ ಕೊಡುತ್ತಾರೆ. ಎರಡು ಹೋಳಿನಲ್ಲಿ ಒಂದನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಒಂದು ಕೈಯಲ್ಲಿ ಹಿಡಿದು ತಿನ್ನಬಹುದು, ವಾಸನೆ ಯಾರಿಗೂ ತಟ್ಟುವುದಿಲ್ಲ.

ದನದ ಮಾಂಸ ಬೇಡ ಎನ್ನುವವರಿಗೆ ಇಲ್ಲಿ ಒಂದು ತೊಡಕಿದೆ. ಫಲಕದ ಹೆಸರುಗಳು ಮಾಂಸ ಯಾವುದೆಂದು ಹೇಳುವುದಿಲ್ಲ. ಪ್ಯಾಸ್ಟ್ರಾಮಿ ಎಂದರೆ ಉಪ್ಪು ಮಸಾಲೆಯಲ್ಲಿ ನೆನೆಸಿ, ಹೊಗೆಯಲ್ಲಿಟ್ಟು, ಹಬೆಯಲ್ಲಿ ಬೇಯಿಸಿದ ದನದ ಮಾಂಸ. ಕಾರ್ನ್ಡ್ ಬೀಫ್‌ನಲ್ಲಿ ಜೋಳವೇನೂ ಇಲ್ಲ. ಕಾರ್ನ್ ಎಂದರೆ ಅಲ್ಲಿ ಉಪ್ಪಿನ ದಪ್ಪ ಹರಳು. ರೂಬೆನ್ ಎಂಬ ಹೆಸರಿನ ಸ್ಯಾಂಡ್‌ವಿಚ್‌ನಲ್ಲಿ ಅದೇ ಮಾಂಸದ ಜೊತೆ ಸ್ವಿಸ್ ಚೀಸ್, ಹುಳಿ ಬಂದ ಎಲೆಕೋಸು ಇರುತ್ತವೆ. ಬಿಎಲ್‌ಟಿಯ ಮೊದಲ ಅಕ್ಷರ ಬೇಕನ್, ಅಂದರೆ ಹಂದಿ. ಕ್ಲಬ್ ಸ್ಯಾಂಡ್‌ವಿಚ್‌ನಲ್ಲೂ ಅದು ಸೇರುತ್ತದೆ. ದನ, ಹಂದಿ ಎರಡೂ ಬೇಡವಾದರೆ ಟರ್ಕಿ, ಕೋಳಿ, ಟ್ಯೂನಾ ಮೀನನ್ನು ಹೆಸರು ಹಿಡಿದು ಕೇಳಬೇಕು.

ಸಸ್ಯಾಹಾರಿಗಳಿಗೆ ನಾನು ಹೇಳುವುದು ಎರಡು. ಒಂದು, ತಾಜಾ ಮೊಜರೆಲ್ಲಾ, ಟೊಮೆಟೊ, ತುಳಸಿಯ ಬಳಗದ ಬೇಸಿಲ್ ಎಲೆ, ಸುಟ್ಟ ಕೆಂಪು ದೊಣ್ಣೆ ಮೆಣಸಿನಕಾಯಿ ಹಾಕಿದ ಹೀರೋ. ಇನ್ನೊಂದು, ಹಮ್ಮಸ್ ಸವರಿ ಸುಟ್ಟ ತರಕಾರಿ ತುಂಬಿದ ರ‍್ಯಾಪ್. ಹಮ್ಮಸ್ ಕಡಲೆಯದ್ದಾದ್ದರಿಂದ ಹೊಟ್ಟೆಗೆ ಆಧಾರವಾಗುತ್ತದೆ. ಬರೀ ಲೆಟ್ಯೂಸ್, ಸೌತೆಕಾಯಿ, ಟೊಮೆಟೊಗಳ ಸ್ಯಾಂಡ್‌ವಿಚ್ ತೆಗೆದುಕೊಂಡರೆ ನಾಲ್ಕು ಗಂಟೆಗೆ ಬಿಸ್ಕತ್ತಿನ ಪೊಟ್ಟಣ ಹುಡುಕುತ್ತೀರಿ.

ಆದರೂ ಸ್ಯಾಂಡ್‌ವಿಚ್‌ನಲ್ಲಿ ಎಲ್ಲವೂ ಕಾಣುತ್ತದೆ ಎಂದು ಪೂರ್ತಿ ನಂಬಬೇಡಿ. ಮೇಯನೇಸ್‌ನಲ್ಲಿ ಮೊಟ್ಟೆ ಇದೆ. ಸೀಸರ್ ಡ್ರೆಸಿಂಗ್‌ನಲ್ಲಿ ಆಂಚೋವಿ ಮೀನು ಇರುತ್ತದೆ. ಕೆಲವು ಚೀಸ್‌ಗಳನ್ನು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಚೀಸ್ ಹೆರೆಯುವ ಯಂತ್ರದಲ್ಲೇ ಒಂದು ನಿಮಿಷದ ಹಿಂದೆ ಹ್ಯಾಮ್, ಅಂದರೆ ಹಂದಿಯ ಮಾಂಸ, ಹೆರೆದಿರಬಹುದು. ಬ್ರೆಡ್ ಬಿಸಿಮಾಡುವ ಕಾವಲಿಯಲ್ಲಿ ಬೆಳಿಗ್ಗೆಯಿಂದ ಬೇಕನ್ ಬೆಂದಿರುತ್ತದೆ. ಕೈಗವಸು ಬದಲಿಸಿ, ಚಾಕು ಒರೆಸಿ, ಬ್ರೆಡ್ ಬಿಸಿ ಮಾಡಬೇಡಿ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಷ್ಟಾದರೂ ಮನಸ್ಸು ಒಪ್ಪದವರು ಫ್ರಿಜ್‌ನಲ್ಲಿರುವ ಮೊಸರು, ಇಡೀ ಹಣ್ಣು, ಕಡಲೆಬೀಜದ ಬೆಣ್ಣೆಯ ಬೇಗಲ್ ನೋಡುವುದೇ ನೆಮ್ಮದಿ.

ಗರ್ಭಿಣಿಯರು ಈ ಮಾತನ್ನು ನೆನಪಿಡಿ. ಹೆರೆದ ತಣ್ಣನೆಯ ಮಾಂಸದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. 2024ರಲ್ಲಿ ಅಮೆರಿಕದಲ್ಲಿ ಡೆಲಿ ಮಾಂಸದಿಂದ ಹರಡಿದ ಇದೇ ಸೋಂಕಿಗೆ ಹತ್ತು ಜನ ಬಲಿಯಾದರು. ಗರ್ಭಿಣಿಯರು ಇಂಥ ಮಾಂಸವನ್ನು 165 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಅಂದರೆ ಹಬೆಯಾಡುವಷ್ಟು ಬಿಸಿ ಮಾಡಿಸದೆ ತಿನ್ನಬಾರದು ಎಂದು ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುತ್ತವೆ. ಅಂಥವರಿಗೆ ಕೊರಿಯನ್ ಒಲೆಯ ಬಿಸಿ ಬೋಗುಣಿ ಎಷ್ಟೋ ಮೇಲು.

ತೂಕದ ಸಾಲು

ಇದು ಹಸಿದ ಕಣ್ಣಿಗೆ ಅಪಾಯಕಾರಿ. ಒಂದು ಪೌಂಡ್ ಎಂದರೆ 454 ಗ್ರಾಂ. ಲೆಕ್ಕಕ್ಕೆ ಪೌಂಡಿಗೆ 12 ಡಾಲರ್ ಎಂದಿಟ್ಟುಕೊಳ್ಳೋಣ. ಡಬ್ಬಿ ಮುಚ್ಚುವಷ್ಟು ತುಂಬಿದರೆ 600 ಗ್ರಾಂ ಸುಲಭವಾಗಿ ಆಗುತ್ತದೆ. ತೆರಿಗೆ ಸೇರಿ 17 ಡಾಲರ್ ದಾಟುತ್ತದೆ. ಅದೇ 350 ಗ್ರಾಂಗೆ ನಿಲ್ಲಿಸಿದರೆ ಸುಮಾರು 10 ಡಾಲರ್. ಹಗುರವಾದದ್ದನ್ನು ಹೆಚ್ಚು, ಭಾರವಾದದ್ದನ್ನು ಕಡಿಮೆ ಎನ್ನುವುದು ಮೊದಲ ನಿಯಮ. ಸೊಪ್ಪು, ಅಣಬೆ, ಹುರಿದ ಬ್ರೊಕೊಲಿ, ಎಣ್ಣೆಯಲ್ಲಿ ಕರಿದ ತೋಫು (ಸೋಯಾ ಹಾಲಿನ ಪನೀರ್) ಇವೆಲ್ಲ ಹಣಕ್ಕೆ ತಕ್ಕವು. ಕಲ್ಲಂಗಡಿ, ಆಲೂಗಡ್ಡೆ, ಅನ್ನ, ಗೊಜ್ಜುಗಳು ತೂಕ ಏರಿಸುತ್ತವೆ. ಡ್ರೆಸಿಂಗ್ ಬೇಕಿದ್ದರೆ ಚಮಚದಲ್ಲಿ ಅಳೆದು ಹಾಕಿಕೊಳ್ಳಿ.

ಇಲ್ಲಿ ಕಾಯುವ ಸಾಲೇ ಇಲ್ಲವೆನ್ನುವಷ್ಟು ವೇಗ. ಕಡಿಮೆ ತಿನ್ನುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಒಂದೇ ಊಟದಲ್ಲಿ ನಾಲ್ಕು ರುಚಿ ಬಯಸುವವರಿಗೆ ಇದು ಹೇಳಿಮಾಡಿಸಿದ್ದು. ಆದರೆ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ನಾನು ಇದನ್ನು ಹೇಳುವುದಿಲ್ಲ. ಕೋಳಿಯ ಚಿಮುಟ ಬೀನ್ಸ್ ತಟ್ಟೆಗೆ ಬಂದಿರುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಹೊತ್ತನ್ನೂ ನೋಡಿ. ನಗರದ ನಿಯಮದ ಪ್ರಕಾರ ಬಿಸಿ ಪದಾರ್ಥ 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 41 ಡಿಗ್ರಿ ದಾಟಬಾರದು. ಹನ್ನೊಂದೂ ಮುಕ್ಕಾಲಿಗೆ ಹೋದರೆ ಹಬೆ ಏಳುತ್ತಿರುತ್ತದೆ. ಎರಡೂವರೆಗೆ ಅಂಚು ಒಣಗಿದ ನೂಡಲ್ಸ್ ಉಳಿದಿರುತ್ತದೆ. ಕೆಲವು ಅಂಗಡಿಗಳು ಮಧ್ಯಾಹ್ನ ಕಳೆದ ಮೇಲೆ ಬೆಲೆ ಇಳಿಸುತ್ತವೆ. ತಣ್ಣನೆಯ ಸಾಲಾದರೆ ಕೊಳ್ಳಿ, ಬಿಸಿಯದನ್ನು ಆ ಹೊತ್ತಿನಲ್ಲಿ ನಾನು ಮುಟ್ಟುವುದಿಲ್ಲ.

ಕೊರಿಯನ್ ಒಲೆ

ಈಗ ನನಗೆ ಪ್ರಿಯವಾದ ಮೂಲೆಗೆ ಬರುತ್ತೇನೆ.

ಬಿಬಿಂ ಎಂದರೆ ಕಲಸಿದ್ದು, ಬಾಪ್ ಎಂದರೆ ಅನ್ನ. ಬಿಬಿಂಬಾಪ್ ಎಂದರೆ ಕಲಸನ್ನ. ಇಷ್ಟು ತಿಳಿದ ಮೇಲೆ ನಮ್ಮವರಿಗೆ ಆ ಬೋಗುಣಿ ಪರಕೀಯ ಅನ್ನಿಸಬಾರದು. ಬಿಸಿ ಅನ್ನದ ಮೇಲೆ ಪಾಲಕ್, ಕ್ಯಾರೆಟ್, ಮೊಳಕೆಯೊಡೆದ ಸೋಯಾಕಾಳು, ಅಣಬೆ, ಸೌತೆಕಾಯಿಗಳನ್ನು ಬೇರೆಬೇರೆಯಾಗಿ ಬಾಡಿಸಿ ಸುತ್ತ ಜೋಡಿಸಿರುತ್ತಾರೆ. ಹೀಗೆ ಎಳ್ಳೆಣ್ಣೆ, ಉಪ್ಪು, ಬೆಳ್ಳುಳ್ಳಿಯಲ್ಲಿ ಹದ ಮಾಡಿದ ತರಕಾರಿಗೆ ನಾಮುಲ್ ಎಂದು ಹೆಸರು. ಕೆಲವೆಡೆ ಜರೀಗಿಡದ ಎಳೆ ಚಿಗುರೂ ಇರುತ್ತದೆ. ಕೊಡಗಿನವರಿಗೆ ತೆರ್ಮೆ ತೊಪ್ಪಿನ ನೆನಪು ಬರುವುದು ಖಂಡಿತ. ಮೇಲೊಂದು ಬುಲ್ಸೈ ಮೊಟ್ಟೆ, ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ಗೋಚುಜಾಂಗ್.

ಗೋಚುಜಾಂಗ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮೆಣಸಿನಪುಡಿ, ಅಂಟು ಅಕ್ಕಿ, ಹುದುಗಿಸಿದ ಸೋಯಾಕಾಳಿನ ಪುಡಿ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುದುಗಲು ಬಿಟ್ಟ ಕೆಂಪು ಗೊಜ್ಜು ಅದು. ಆ ಕೆಂಪನ್ನು ನೋಡಿ ಹೆದರಬೇಡಿ. ಕೊರಿಯದ ಮೆಣಸಿನಪುಡಿ ನಮ್ಮ ಬ್ಯಾಡಗಿಯ ಸ್ವಭಾವದ್ದು: ಬಣ್ಣ ಧಾರಾಳ, ಖಾರ ಮಿತ. ಗುಂಟೂರು ಮೆಣಸಿನಕಾಯಿಯ ಉರಿ ಅದರಲ್ಲಿಲ್ಲ. ಹುಳಿ, ಸಿಹಿ, ಖಾರ, ಉಪ್ಪು ನಾಲ್ಕೂ ಒಟ್ಟಿಗೆ ನಾಲಿಗೆಗೆ ಸಿಗುತ್ತವೆ. ಒಂದು ತಿಂಗಳಿನಿಂದ ಸಪ್ಪೆ ಬ್ರೆಡ್ ತಿಂದು ಬೇಸತ್ತ ಕನ್ನಡದ ಹುಡುಗನೊಬ್ಬ ಮೊದಲ ಸಲ ಈ ಅನ್ನವನ್ನು ಕಲಸಿ ಬಾಯಿಗಿಟ್ಟಾಗ ಅವನ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಕಲಸುವಾಗ ಸಂಕೋಚ ಬೇಡ. ಚೆನ್ನಾಗಿ, ತಳದಿಂದ ಮೇಲಕ್ಕೆ ಕಲಸಿ. ಮೇಲಿನ ಅಂದ ಕೆಡುತ್ತದೆ ಎಂದು ಬದಿಯಿಂದ ಸ್ವಲ್ಪಸ್ವಲ್ಪ ತಿಂದರೆ ಅದು ಬಿಬಿಂಬಾಪ್ ಆಗುವುದಿಲ್ಲ.

ಹಾಗಾದರೆ ಸಸ್ಯಾಹಾರಿಗಳು ಇದನ್ನೇ ತಿನ್ನಬಹುದಲ್ಲವೇ? ತಿನ್ನಬಹುದು, ಕೇಳಿದ ಮೇಲೆ. ಮೊದಲನೆಯದಾಗಿ, ದನದ ಮಾಂಸ ಹಾಕಿಕೊಡುವುದು ವಾಡಿಕೆ. ಬದಲಿಗೆ ತೋಫು ಕೇಳಿ. ಎರಡನೆಯದಾಗಿ, ಕೆಲವು ಕಡೆ ಗೋಚುಜಾಂಗ್ ಅನ್ನು ಕೊಚ್ಚಿದ ಮಾಂಸದ ಜೊತೆ ಹುರಿದು ಇಟ್ಟಿರುತ್ತಾರೆ. ಡಬ್ಬಿಯಿಂದ ತೆಗೆದ ಬರಿಯ ಗೋಚುಜಾಂಗ್ ಕೊಡಿ ಎನ್ನಿ. ಮೂರನೆಯದಾಗಿ, ನಾಮುಲ್‌ಗೆ ಮೀನಿನ ರಸವನ್ನೋ ಮಾಂಸದ ಸಾರದ ಪುಡಿಯನ್ನೋ ಹಾಕುವ ಅಡುಗೆಯವರಿದ್ದಾರೆ. ನಾಲ್ಕನೆಯದು ಕಿಮ್ಚಿ. ಪಕ್ಕದಲ್ಲಿ ಕೊಡುವ ಆ ಎಲೆಕೋಸಿನ ಉಪ್ಪಿನಕಾಯಿ ನೋಡಲು ಅಪ್ಪಟ ಸಸ್ಯಾಹಾರ. ಆದರೆ ಸಾಮಾನ್ಯವಾಗಿ ಅದರಲ್ಲಿ ಉಪ್ಪುಹಾಕಿದ ಸೀಗಡಿ ಅಥವಾ ಮೀನಿನ ರಸ ಇರುತ್ತದೆ. ಮನೆಮಂದಿ, ನೆರೆಹೊರೆಯವರು ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕುವ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಮಾವಿನ ಮಿಡಿಯ ಕಾಲದಲ್ಲಿ ನಡೆಯುವ ಗದ್ದಲವನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಗೌರವ ಇರಲಿ, ನೇಮವಿದ್ದವರು ಮಾತ್ರ ಕಿಮ್ಚಿಯ ಬಟ್ಟಲನ್ನು ಪಕ್ಕಕ್ಕಿಡಿ.

"ವೆಜಿಟೇರಿಯನ್" ಎಂಬ ಒಂದೇ ಪದದಿಂದ ಕೆಲಸ ಆಗುವುದಿಲ್ಲ. ಅಡುಗೆಯವರಿಗೆ ಅದರ ಅರ್ಥ ಮಾಂಸದ ತುಂಡು ಇಲ್ಲ ಎಂದಷ್ಟೇ ಇರಬಹುದು. ಕೊರಿಯನ್ನಿನಲ್ಲಿ "ಗೋಗಿ ಪೇಗೋ ಜುಸೇಯೋ" ಎಂದರೆ ಮಾಂಸ ಬಿಟ್ಟು ಕೊಡಿ ಎಂದು. ಆದರೆ ಗೋಗಿ ಎಂಬ ಮಾತಿನಲ್ಲಿ ಮೀನು ಸೇರುವುದಿಲ್ಲ. ಒಲೆಯ ಹಿಂದೆ ಮೆಕ್ಸಿಕೊದಿಂದ ಬಂದವರು ನಿಂತಿರುವುದೂ ಸಾಮಾನ್ಯ. ಸ್ಪ್ಯಾನಿಷ್‌ನಲ್ಲಿ "ಸಿನ್ ಕಾರ್ನೆ", ಅಂದರೆ ಮಾಂಸವಿಲ್ಲದೆ, ಎಂದರೆ ಅವರಿಗೆ ಕೆಂಪು ಮಾಂಸ ಬೇಡ ಎಂದಷ್ಟೇ ಕೇಳಿಸಬಹುದು. ಆದ್ದರಿಂದ ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮೀನಿನ ರಸವೂ ಬೇಡ ಎಂದು ಒಂದೊಂದನ್ನೂ ಹೆಸರಿಸಿ. ಜನಸಂದಣಿಯಲ್ಲಿ ಈ ಮಾತು ಆಗದು. ಮೊದಲ ಸಲ ಹೋಗುವಾಗ ಮೂರು ಗಂಟೆಯ ಹೊತ್ತಿಗೆ ಬರೀ ವಿಚಾರಿಸಲು ಹೋಗಿ. ಒಲೆಯ ಬಳಿ ನಿಂತ ಹಿರಿಯ ಹೆಂಗಸನ್ನು ಕೊರಿಯನ್ ಗಿರಾಕಿಗಳು "ಇಮೋ" ಎಂದು ಕರೆಯುವುದನ್ನು ಕೇಳುತ್ತೀರಿ. ತಾಯಿಯ ಅಕ್ಕ ಅಥವಾ ತಂಗಿ ಎಂದು ಅರ್ಥ. ನಮ್ಮ ದೊಡ್ಡಮ್ಮ, ಚಿಕ್ಕಮ್ಮ. ನಾನು ಬಿಡುವಿನ ಹೊತ್ತಿನಲ್ಲಿ ಕೇಳಿದಾಗ ಅಂಥ ಒಬ್ಬರು ಒಳಗಿನಿಂದ ಡಬ್ಬಿಗಳನ್ನು ತಂದು ಒಂದೊಂದನ್ನೂ ತೋರಿಸಿದರು. ಇನ್ನೊಂದು ಅಂಗಡಿಯಲ್ಲಿ ತರಕಾರಿ ಸೂಪ್ ಎಂದು ಕೊಟ್ಟದ್ದರ ತಳದಲ್ಲಿ ಒಣಮೀನು ಸಿಕ್ಕಿತು. ಅಲ್ಲಿಗೆ ನಾನು ಮತ್ತೆ ಹೋಗಲಿಲ್ಲ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಈ ಒಲೆ ಒಗ್ಗುವುದಿಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ. ಕೊರಿಯದ ಬೌದ್ಧ ದೇಗುಲಗಳ ಅಡುಗೆಯಲ್ಲಿ ಅವೆರಡೂ ನಿಷಿದ್ಧ, ಆದರೆ ಆ ಅಡುಗೆ ಡೆಲಿಯಲ್ಲಿ ಸಿಗದು. 32ನೇ ಬೀದಿಯ ಕೊರಿಯಾಟೌನ್‌ನಲ್ಲಿ ಹಂಗಾವಿ ಎಂಬ ಸಸ್ಯಾಹಾರಿ ಕೊರಿಯನ್ ಹೋಟೆಲಿದೆ. ಆದರೆ ಸಬ್‌ವೇ ರೈಲು ಹಿಡಿದು ಹೋಗಿ ಬರುವಷ್ಟರಲ್ಲಿ ಊಟದ ಬಿಡುವು ಮುಗಿಯುತ್ತದೆ. ಅದನ್ನು ಒಂದು ಶನಿವಾರಕ್ಕೆ ಇಟ್ಟುಕೊಳ್ಳಿ.

ಬುಲ್ಗೋಗಿ ಎಂದರೆ ಸೋಯಾ ರಸ, ಸಕ್ಕರೆ, ಬೆಳ್ಳುಳ್ಳಿ, ಎಳ್ಳೆಣ್ಣೆ, ಹಲವೊಮ್ಮೆ ತುರಿದ ಪಿಯರ್ ಹಣ್ಣಿನಲ್ಲಿ ನೆನೆಸಿ ಹುರಿದ ತೆಳು ಮಾಂಸ. ಹೆಸರು ಮಾತ್ರ ಹೇಳಿದರೆ ದನದ್ದೇ ಬರುತ್ತದೆ. ಕೋಳಿಯದ್ದು, ಹಂದಿಯದ್ದು ಬೇರೆ ಸಾಲಿನಲ್ಲಿರುತ್ತವೆ. ಹಲಾಲ್ ನೋಡುವವರು ಮಾಂಸದ ಜೊತೆಗೆ ನೆನೆಸುವ ರಸದಲ್ಲಿ ಅಕ್ಕಿಯ ಮದ್ಯ ಇದೆಯೇ ಎಂದೂ ಕೇಳಬೇಕು. ಅಂಥವರಿಗೆ ಸ್ಯಾಂಡ್‌ವಿಚ್ ಕಡೆಯ ಟ್ಯೂನಾ ಹೆಚ್ಚು ಸರಳ. ಉಳಿದವರಿಗೆ ಖಾರ ಬೇಡವೆನ್ನುವ ದಿನ ಇದು ಒಳ್ಳೆಯ ಊಟ. ಸಿಹಿ ಸ್ವಲ್ಪ ಮುಂದಿರುತ್ತದೆ.

ಜಿಗೇ ಎನ್ನುವುದು ಕುದಿಯುತ್ತಲೇ ಬರುವ ಗಟ್ಟಿ ಸಾರು. ಮೆತ್ತನೆಯ ತೋಫುವಿನದ್ದು ಸುಂದುಬು ಜಿಗೇ, ಹುದುಗಿಸಿದ ಸೋಯಾದ್ದು ಡೆಂಜಾಂಗ್ ಜಿಗೇ. ಫೆಬ್ರುವರಿಯಲ್ಲಿ ಈಸ್ಟ್ ನದಿಯ ಕಡೆಯಿಂದ ಗಾಳಿ ಕೊರೆಯುವಾಗ ಇದಕ್ಕೆ ಸಮನಾದ ಊಟ ಆ ಬೀದಿಗಳಲ್ಲಿಲ್ಲ ಎಂದು ನನ್ನ ಮಂಗಳೂರಿನ ಗೆಳೆಯ ಹೇಳುತ್ತಿದ್ದ. ಅವನು ತಿನ್ನುವುದನ್ನು ನೋಡಿ ನಾನು ನಂಬಿದೆ. ತೋಫು ಎಂಬ ಹೆಸರು ನೋಡಿ ಸಸ್ಯಾಹಾರಿಗಳು ಮೋಸಹೋಗುವುದು ಇಲ್ಲಿಯೇ. ಸಾರಿನ ತಳಹದಿಯೇ ಒಣ ಆಂಚೋವಿ, ಚಿಪ್ಪುಮೀನು ಅಥವಾ ದನದ ಎಲುಬು. ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಕುದಿಸಿಟ್ಟ ಸಾರಿನಿಂದ ಮೀನನ್ನು ಬಿಟ್ಟುಕೊಡಲು ಯಾರಿಗೂ ಆಗದು. ಮೀನು ತಿನ್ನುವವರು ಹದಿನೈದು ನಿಮಿಷ ಕಾಯುವ ತಾಳ್ಮೆಯಿದ್ದರೆ, ಅಲ್ಲೇ ಕೂರಲು ಜಾಗವಿದ್ದರೆ ತೆಗೆದುಕೊಳ್ಳಿ. ಕಟ್ಟಿಸಿಕೊಂಡು ಹೋದರೆ ಲಿಫ್ಟಿನಲ್ಲಿ ಚೆಲ್ಲುತ್ತದೆ, ಮೇಜಿಗೆ ಬರುವಷ್ಟರಲ್ಲಿ ಅದರ ಜೀವವಾದ ಕುದಿತ ಹೋಗಿರುತ್ತದೆ.

ಕಿಂಬಾಪ್ ಕಡಿಮೆ ಹಣದ ಊಟ. ಅನ್ನ, ಮೊಟ್ಟೆ, ಪಾಲಕ್, ಕ್ಯಾರೆಟ್, ಹಳದಿ ಮೂಲಂಗಿಯ ಉಪ್ಪಿನಕಾಯಿಗಳನ್ನು ಕಡಲಪಾಚಿಯ ಹಾಳೆಯಲ್ಲಿ ಸುರುಳಿ ಸುತ್ತಿ ಬಿಲ್ಲೆಗಳಾಗಿ ಕತ್ತರಿಸಿರುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುವುದರಿಂದ ಎರಡು ನಿಮಿಷದ ಕೆಲಸ, ಬಿಸಿಮಾಡುವ ಗೊಡವೆಯಿಲ್ಲ. ಆ ಹಾಳೆ ಸಸ್ಯದ ಬಗೆಯದೇ, ಪ್ರಾಣಿಯಲ್ಲ. ಊರಿನಿಂದ ಬಂದ ಹಿರಿಯರು ಕೇಳಿದರೆ ಧೈರ್ಯವಾಗಿ ಹೇಳಿ. ಒಳಗಿನ ಗುಲಾಬಿ ಬಣ್ಣದ ಕಡ್ಡಿ ಹ್ಯಾಮ್, ಕೆಂಪು ಬಿಳಿ ಕಡ್ಡಿ ಮೀನಿನದು. ತರಕಾರಿ ಕಿಂಬಾಪ್ ಎಂದು ಬರೆದಿದ್ದರೂ ಕತ್ತರಿಸಿದ ಬದಿಯನ್ನು ನೋಡಿ. ಪೊಟ್ಟಣವನ್ನು ಮೆಲ್ಲಗೆ ಒತ್ತಿ ನೋಡಿ. ಫ್ರಿಜ್‌ನಲ್ಲಿ ಬಹಳ ಹೊತ್ತು ಇದ್ದ ಅನ್ನ ಗಟ್ಟಿಯಾಗಿರುತ್ತದೆ, ಅದನ್ನು ಬಿಡಿ.

ಗೆಣಸಿನ ಪಿಷ್ಟದ ಜಾಪ್ಚೆ ಶ್ಯಾವಿಗೆ ಒಂದೇ ಊಟಕ್ಕೆ ಸಾಲದು, ತೂಕದ ಸಾಲಿನಲ್ಲಿ ಪಕ್ಕಕ್ಕೆ ಚೆನ್ನ. ಗೋಧಿ ಒಗ್ಗದವರು ಶ್ಯಾವಿಗೆಯನ್ನಲ್ಲ, ಅದಕ್ಕೆ ಹಾಕಿದ ಸೋಯಾ ರಸದಲ್ಲಿ ಗೋಧಿ ಇದೆಯೇ ಎಂದು ವಿಚಾರಿಸಬೇಕು. ಎಳ್ಳು ಒಗ್ಗದವರು ಈ ಒಲೆಯ ಕಡೆಗೇ ಬರಬಾರದು.

ಯಾರಿಗೆ ಯಾವುದು

ಹತ್ತು ನಿಮಿಷದ ಬಿಡುವು, ಮೇಜಿನಲ್ಲೇ ತಿನ್ನಬೇಕು ಎಂದರೆ ಸ್ಯಾಂಡ್‌ವಿಚ್ ಅಥವಾ ಕಿಂಬಾಪ್. ಕಿಮ್ಚಿಯ ವಾಸನೆ ಮುಚ್ಚಿದ ಕಚೇರಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಇಂಗಿನ ಸಾರನ್ನು ಮೈಕ್ರೋವೇವ್‌ನಲ್ಲಿ ಬಿಸಿಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲಿರುವ ದಿನ ಬಿಬಿಂಬಾಪ್ ಹಿಡಿದು ಜುಕೊಟ್ಟಿ ಪಾರ್ಕಿನ ಕಲ್ಲಿನ ಬೆಂಚಿಗೆ ಹೋಗಿ. ಮರಗಳ ನೆರಳಿದೆ, ಯಾರಿಗೂ ತೊಂದರೆಯಿಲ್ಲ.

ಹಣ ಬಿಗಿಯಾಗಿರುವ ತಿಂಗಳಲ್ಲಿ ಎರಡು ದಾರಿ. ಮನೆಯಿಂದ ಅನ್ನ ಮೊಸರು ತಂದು, ಜೊತೆಗೆ ತೂಕದ ಸಾಲಿನಿಂದ 150 ಗ್ರಾಂ ಪಲ್ಯ ಮಾತ್ರ ಕೊಳ್ಳುವುದು. ಮೇಲಿನ ಲೆಕ್ಕದಂತೆ ತೆರಿಗೆ ಸೇರಿ ನಾಲ್ಕೂವರೆ ಡಾಲರ್ ಒಳಗೆ ಮುಗಿಯುತ್ತದೆ. ಇಲ್ಲವೇ ಒಂದು ಹೀರೋ ಕೊಂಡು ಇಬ್ಬರು ಹಂಚಿಕೊಳ್ಳುವುದು. ಮೊದಲ ಸಂಬಳ ಬರುವವರೆಗೆ ಪ್ರತಿ ಡಾಲರನ್ನೂ ರೂಪಾಯಿಗೆ ಗುಣಿಸಿ ಊಟವನ್ನೇ ಬಿಡುವ ಮಕ್ಕಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸಂಜೆ ಏಳರವರೆಗೆ ಕೆಲಸ ಮಾಡುವ ದೇಹಕ್ಕೆ ಮಧ್ಯಾಹ್ನ ಅನ್ನ ಬೇಕು.

ಮೂರು ಗಂಟೆಗೆ ಮುಖ್ಯ ಸಭೆ ಇದ್ದರೆ ಬಿಬಿಂಬಾಪ್‌ಗೆ ಅನ್ನ ಅರ್ಧ, ತರಕಾರಿ ಹೆಚ್ಚು, ತೋಫು ಸೇರಿಸಿ ಎಂದು ಹೇಳಿ. ಕೇಳಿದರೆ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಚೀಸ್, ಮೇಯನೇಸ್ ತುಂಬಿದ ಹೀರೋ ಪೂರ್ತಿ ತಿಂದ ದಿನ ನನಗೆ ಆಕಳಿಕೆ ತಪ್ಪುತ್ತಿರಲಿಲ್ಲ.

ನೇಮ ಬಿಗಿಯಾದಷ್ಟೂ ಸ್ಯಾಂಡ್‌ವಿಚ್ ಕಡೆಗೆ ವಾಲಬೇಕು, ನೇಮ ಸಡಿಲವಾದಷ್ಟೂ ಕೊರಿಯನ್ ಒಲೆಯ ಕಡೆಗೆ. ನಮ್ಮ ನಾಲಿಗೆಗೆ ಹತ್ತಿರವಾದದ್ದು ನಮ್ಮ ನೇಮಕ್ಕೆ ದೂರವಾಗಿದೆ ಎನ್ನುವುದೇ ಈ ಆಯ್ಕೆಯ ಕಷ್ಟ. ನಾನು ಇದನ್ನು ಹೀಗೆ ಬಗೆಹರಿಸಿಕೊಂಡೆ: ವಿಚಾರಿಸಿ ನಂಬಿಕೆ ಬಂದ ಒಂದೇ ಅಂಗಡಿಯಲ್ಲಿ ಬಿಬಿಂಬಾಪ್, ಉಳಿದ ಎಲ್ಲ ಕಡೆ ಮೊಜರೆಲ್ಲಾ ಸ್ಯಾಂಡ್‌ವಿಚ್.

ಅಂಗಡಿಯನ್ನು ಆರಿಸುವ ಬಗ್ಗೆಯೂ ಸ್ವಲ್ಪ. ನ್ಯೂಯಾರ್ಕಿನ ಹೋಟೆಲುಗಳು ಕಿಟಕಿಯಲ್ಲಿ ಎ, ಬಿ, ಸಿ ಎಂಬ ಶುಚಿತ್ವದ ಅಂಕವನ್ನು 2010ರಿಂದ ತೋರಿಸುತ್ತವೆ. ತಪಾಸಣೆಯಲ್ಲಿ 13 ತಪ್ಪಂಕದವರೆಗೆ ಎ. ದಿನಸಿಯೇ ಹೆಚ್ಚಾಗಿರುವ ಡೆಲಿಗಳ ತಪಾಸಣೆಯನ್ನು ರಾಜ್ಯದ ಕೃಷಿ ಇಲಾಖೆ ಮಾಡುವುದರಿಂದ ಅಲ್ಲಿ ಅಕ್ಷರ ಕಾಣದಿದ್ದರೂ ಅನುಮಾನ ಬೇಡ. ನಾನು ನೋಡುವುದು ಇನ್ನೂ ಎರಡನ್ನು. ಹೆರೆಯುವ ಯಂತ್ರವನ್ನು ಗಿರಾಕಿಯಿಂದ ಗಿರಾಕಿಗೆ ಒರೆಸುತ್ತಾರೆಯೇ? ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯವರು ತಾವೇ ಊಟಕ್ಕೆ ಕೂತಾಗ ಫಲಕದಲ್ಲಿರುವುದನ್ನೇ ಉಣ್ಣುತ್ತಾರೆಯೇ? ಉಣ್ಣುತ್ತಿದ್ದರೆ ಆ ಒಲೆಯನ್ನು ನಂಬಬಹುದು.

ಮೊದಲ ದಿನಕ್ಕೆ ಇಷ್ಟು ಸಾಕು. ಹನ್ನೊಂದೂ ಮುಕ್ಕಾಲಿಗೆ ಇಳಿದು ಹೋಗಿ. ಮಾಂಸ, ಕೋಳಿ, ಮೀನು, ಮೀನಿನ ರಸ ಇವುಗಳಲ್ಲಿ ನಿಮಗೆ ಬೇಡವಾದದ್ದನ್ನು ಹೆಸರಿಸಿ. ಗೋಚುಜಾಂಗ್ ಅನ್ನು ಬೇರೆ ಬಟ್ಟಲಿನಲ್ಲಿ ಕೇಳಿ, ಮೊದಲು ಅರ್ಧ ಚಮಚ ಹಾಕಿ ಕಲಸಿ, ರುಚಿ ನೋಡಿ, ಆಮೇಲೆ ಉಳಿದದ್ದನ್ನು ಸೇರಿಸಿ.